‘ಲಾಕ್ ಇದೆ’ ಅಂದರೆ ಯಾವ ಲಾಕ್?

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಜೀಪು, ಥಾರ್, ಜಿಪ್ಸಿ ಮಾರಾಟದ ಜಾಹೀರಾತುಗಳಲ್ಲಿ ‘ಫೋರ್ ಬೈ ಫೋರ್, ಲಾಕ್ ಇದೆ’ ಎಂಬ ಸಾಲು ಸಾಮಾನ್ಯ. ಫೋರ್ ಬೈ ಫೋರ್ ಎಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ. ತೋಟದ ದಾರಿಗೆಂದು ಗಾಡಿ ಹುಡುಕುವ ಮಲೆನಾಡಿನವರು ಆ ಒಂದು ಮಾತಿಗೇ ಹೆಚ್ಚು ದುಡ್ಡು ಕೊಡುತ್ತಾರೆ. ಅದು ಯಾವ ಲಾಕ್ ಎಂದು ಖಾತ್ರಿಯಾಗುವವರೆಗೆ ಮುಂಗಡ ಕೊಡಬಾರದು.

ಹಳೆಯ ಜಿಪ್ಸಿಯ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇರುತ್ತದೆ. ಅದು ಚಕ್ರವನ್ನು ಅಡ್ಡ ದಂಡಕ್ಕೆ, ಅಂದರೆ ಆಕ್ಸಲ್‌ಗೆ ಕೂಡಿಸುತ್ತದೆ, ಅಷ್ಟೆ. ಡಸ್ಟರ್ ಎಡಬ್ಲ್ಯುಡಿಯಲ್ಲಿರುವ ‘ಲಾಕ್’ ಗುಂಡಿ ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ಬಲ ಹಂಚುವುದಕ್ಕೆ ಸಂಬಂಧಪಟ್ಟದ್ದು, ಎಡ-ಬಲ ಚಕ್ರಗಳಿಗಲ್ಲ. ಚರಂಡಿಗೆ ಇಳಿದ ಹಿಂಚಕ್ರ ಸುಮ್ಮನೆ ಸುತ್ತುತ್ತಾ ಇನ್ನೊಂದು ನಿಂತೇ ಇದ್ದಾಗ, ಎಡಕ್ಕೂ ಬಲಕ್ಕೂ ಒಟ್ಟಿಗೆ ಬಲ ಕೊಡುವುದು ಡಿಫರೆನ್ಷಿಯಲ್ ಲಾಕ್ ಮಾತ್ರ. ಡಿಫರೆನ್ಷಿಯಲ್ ಎಂದರೆ ಎಡ-ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ; ಲಾಕ್ ಆ ಎರಡನ್ನೂ ಕೂಡಿಸುತ್ತದೆ.

ಪರೀಕ್ಷೆಗೆ ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಹಿಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಟೂ ವೀಲ್ ಡ್ರೈವ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿದರೆ ಅದು ಸಾದಾ ಡಿಫರೆನ್ಷಿಯಲ್ ಎಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ತಪ್ಪು ಆಗುವುದೇ ಇಲ್ಲಿ.

2015ರಲ್ಲಿ ಪರಿಷ್ಕೃತವಾಗಿ ಬಂದ ಥಾರ್ ಸಿಆರ್‌ಡಿಇಯ ಹಿಂದಿನ ಆಕ್ಸಲ್‌ನಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್ ಇದೆ. ಅದಕ್ಕೆ ಗುಂಡಿಯೂ ಇಲ್ಲ, ಲಿವರೂ ಇಲ್ಲ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ಕೊಂಡಿ ಹಾಕುತ್ತವೆ, ಕ್ಲಚ್ ಪ್ಲೇಟುಗಳು ಅದುಮಿಕೊಂಡು ಲಾಕ್ ಕಚ್ಚುತ್ತದೆ. ಕೈಯಲ್ಲಿ ಅಷ್ಟು ಜೋರಾಗಿ ಯಾರೂ ತಿರುಗಿಸಲಾರರು. ಹಾಗಾಗಿ ಲಾಕ್ ಚೆನ್ನಾಗಿದ್ದರೂ ಇನ್ನೊಂದು ಚಕ್ರ ಉಲ್ಟಾವೇ ತಿರುಗುತ್ತದೆ. ಇಂಥ ಗಾಡಿಯನ್ನು ಒಂದು ಹಿಂಚಕ್ರ ಜಾರುವ ಕೆಸರಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇರುವಂತೆ ನಿಲ್ಲಿಸಿ, ಟೂ ವೀಲ್ ಡ್ರೈವ್‌ನಲ್ಲೇ ಫಸ್ಟ್ ಗೇರ್ ಹಾಕಿ ನಿಧಾನಕ್ಕೆ ಎಕ್ಸಲರೇಟರ್ ಕೊಡಬೇಕು. ಕೆಸರಿನ ಚಕ್ರ ಸುತ್ತುತ್ತದೆ, ‘ಟಕ್’ ಎನ್ನುತ್ತದೆ, ಗಾಡಿ ಜಗ್ಗಿ ಮುಂದೆ ಬರುತ್ತದೆ. ಎಷ್ಟು ಕೊಟ್ಟರೂ ಸುತ್ತುತ್ತಲೇ ಇದ್ದರೆ ಲಾಕ್ ಇಲ್ಲ, ಇಲ್ಲವೇ ಪ್ಲೇಟು ಸವೆದಿದೆ. ಲೋ ಗೇರಿನಲ್ಲಿ ಬರೀ ಐಡಲಿಗೆ ಬಿಟ್ಟರೆ ಚಕ್ರ ಆ ವೇಗ ಮುಟ್ಟುವುದಿಲ್ಲ, ಲಾಕೂ ಕಚ್ಚುವುದಿಲ್ಲ. ದಯವಿಟ್ಟು ಒಂದು ಚಕ್ರವನ್ನು ಜಾಕ್ ಮೇಲೆತ್ತಿ ಎಂಜಿನ್‌ನಿಂದ ಈ ಪರೀಕ್ಷೆ ಮಾಡಬೇಡಿ. ಲಾಕ್ ಕಚ್ಚಿದ ಕ್ಷಣವೇ ಗಾಡಿ ಜಾಕ್ ಕೆಡವಿ ಮುಂದಕ್ಕೆ ನುಗ್ಗುತ್ತದೆ.

ಹೊಸ ಗಾಡಿಗಳಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿದು ಲಾಕ್‌ನಂತೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಜಿಮ್ನಿಯದ್ದು ಇದೇ. ಎಬಿಎಸ್ ಬ್ರೇಕಿನ ಪಂಪಿನ ‘ಗರ್‌ಗರ್’ ಸದ್ದಿನಿಂದ ಗೊತ್ತಾಗುತ್ತದೆ.

ಲಿವರ್ ಅಥವಾ ಸ್ವಿಚ್ ಇರುವ ಗಾಡಿ ಸುಲಭ. 2021ರ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಲಿವರ್ ಇವೆ. ಲಾಕ್ ಹಾಕಿ ಮೇಲೆತ್ತಿದ ಚಕ್ರ ತಿರುಗಿಸಿದರೆ ಜೋಡಿ ಚಕ್ರ ಅದೇ ದಿಕ್ಕಿಗೆ ತಿರುಗಬೇಕು, ತೆಗೆದರೆ ಉಲ್ಟಾ. ಸ್ವಿಚ್ಚಿನ ದೀಪ ಮಿನುಗುತ್ತಲೇ ಇದ್ದರೆ ಹಲ್ಲು ಇನ್ನೂ ಕೂಡಿಲ್ಲ ಎಂದರ್ಥ. ಗಾಡಿಯನ್ನು ಒಂದೆರಡು ಅಡಿ ಹಿಂದೆ ಮುಂದೆ ಆಡಿಸಿದ ಮೇಲೂ ದೀಪ ನಿಲ್ಲದಿದ್ದರೆ ವೈರು, ಸ್ವಿಚ್, ಡಿಫರೆನ್ಷಿಯಲ್ ಹೌಸಿಂಗ್ (ಹೊರಕವಚ) ಮೇಲಿನ ಮೋಟಾರ್ ನೋಡಿಸಿ.

ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್‌ನಲ್ಲಿ ಕೇಳಿದರೆ ಗಾಡಿ ಕಾರ್ಖಾನೆಯಿಂದ ಹೇಗೆ ಬಂತೆಂದು ತಿಳಿಯುತ್ತದೆ. ಆದರೆ ಆಮೇಲೆ ಆಕ್ಸಲ್ ಬದಲಾಗಿದ್ದರೆ ಆ ನಂಬರ್ ಹೇಳುವುದಿಲ್ಲ. ಅನುಮಾನವಿದ್ದರೆ ಮಾರುವವರನ್ನು ಒಪ್ಪಿಸಿ, ಹೌಸಿಂಗ್‌ನ ಆಯಿಲ್ ಇಳಿಸಿ ಬಿಚ್ಚಿ ನೋಡುವುದೇ ಸರಿ. ಆಯಿಲ್‌ನಲ್ಲಿ ಲೋಹದ ಚೂರು ಬಂದರೆ ಅದರೊಳಗಿನ ಮುಖ್ಯ ಹಲ್ಲುಚಕ್ರಗಳಾದ ಕ್ರೌನ್-ಪಿನಿಯನ್ ಕೂಡ ಪರೀಕ್ಷಿಸಬೇಕು.

ತಮ್ಮ ಪತ್ರಿಕೆಯ ಜಾಹೀರಾತು ವಿಭಾಗ ‘ಲಾಕ್ ಇದೆ’ ಎಂಬ ಬರಹದ ಜೊತೆ ‘ಹಬ್’, ‘ಹಿಂದಿನ ಡಿಫರೆನ್ಷಿಯಲ್’ ಎಂದು ಬಿಡಿಸಿ ಬರೆಯುವಂತೆ ಮಾರುವವರನ್ನು ಕೇಳಬೇಕೆಂದು ವಿನಂತಿ.

– ಒಬ್ಬ ಓದುಗ, ಮೂಡಿಗೆರೆ