ಮಕ್ಕಳ ವಾಂತಿಯನ್ನು ಆಪರೇಷನ್‌ಗೆ ಮೊದಲೇ ತಡೆಯಿರಿ

ಮಾನ್ಯ ಸಂಪಾದಕರೇ,

ಆಪರೇಷನ್ ಆದ ಮಗು ಕಣ್ಣು ಬಿಟ್ಟ ಕೂಡಲೇ ವಾಂತಿ ಮಾಡಿಕೊಳ್ಳತೊಡಗಿದರೆ, ‘ಅರಿವಳಿಕೆ ಕೊಟ್ಟ ಮೇಲೆ ಇದೆಲ್ಲ ಮಾಮೂಲಿ’ ಎಂದು ಹೆತ್ತವರನ್ನು ಸಮಾಧಾನ ಮಾಡುವುದುಂಟು. ಮಕ್ಕಳ ವಾರ್ಡಿನ ನರ್ಸ್ ಆದ ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೊಲಿಗೆ ಹಾಕಿದ ಜಾಗ ಪ್ರತಿ ಸಲವೂ ಜಗ್ಗುತ್ತದೆ, ನೋವು ಹೆಚ್ಚುತ್ತದೆ, ಮೈಯಲ್ಲಿನ ನೀರು ಕಡಿಮೆಯಾಗುತ್ತದೆ. ಎಷ್ಟೋ ಮಕ್ಕಳಿಗೆ ಈ ಸಂಕಟ ತಪ್ಪಿಸಲು ಸಾಧ್ಯವಿದೆ.

ಯಾವ ಮಗುವಿಗೆ ವಾಂತಿ ಜಾಸ್ತಿ ಆಗಬಹುದೆಂದು ಮೊದಲೇ ಅಂದಾಜು ಮಾಡಬಹುದು. ಮಗುವಿಗೆ 3 ವರ್ಷ ತುಂಬಿದೆಯೇ? ಆಪರೇಷನ್ 30 ನಿಮಿಷ ಅಥವಾ ಹೆಚ್ಚು ಹಿಡಿಯುತ್ತದೆಯೇ? ಅದು ಮೆಳ್ಳೆಗಣ್ಣಿನ ಆಪರೇಷನ್ನೇ? ಮಗುವಿಗಾಗಲಿ, ಅಪ್ಪ, ಅಮ್ಮ, ಒಡಹುಟ್ಟಿದವರಿಗಾಗಲಿ ಹಿಂದೆ ಆಪರೇಷನ್ ನಂತರ ವಾಂತಿ ಆಗಿತ್ತೇ? 2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಇವುಗಳಲ್ಲಿ ಒಂದೂ ಇಲ್ಲದ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ವಾಂತಿಯಾದರೆ, ನಾಲ್ಕೂ ಇದ್ದವರಲ್ಲಿ ಸುಮಾರು 70 ಮಕ್ಕಳಿಗೆ ಆಗಿತ್ತು. ಕೊನೆಯ ಪ್ರಶ್ನೆಗೆ ಉತ್ತರ ಮನೆಯವರ ಹತ್ತಿರ ಮಾತ್ರ ಇರುತ್ತದೆ. ಯಾರೂ ಕೇಳದಿದ್ದರೂ ಅರಿವಳಿಕೆ ತಜ್ಞರಿಗೆ ನೀವಾಗಿಯೇ ಹೇಳಿಬಿಡಿ.

ಅದು ಗೊತ್ತಾದರೆ ಅವರು ಮಾಡಬಹುದಾದ್ದು ಬಹಳ ಇದೆ. ಮಗು ನಿದ್ದೆಯಲ್ಲಿರುವಾಗಲೇ ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಔಷಧಿಗಳನ್ನು ಕೊಡಬಹುದು. ಒಂದೇ ಔಷಧಿಗಿಂತ ಎರಡೂ ಸೇರಿದರೆ ಪರಿಣಾಮ ಹೆಚ್ಚು. ಅರಿವಳಿಕೆಯ ಗ್ಯಾಸ್ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿ ಕೊಟ್ಟು ಮಲಗಿಸಿದರೂ ವಾಂತಿ ಕಡಿಮೆ. ನೋವಿಗೆ ಪ್ಯಾರಾಸಿಟಮಾಲ್, ಜೊತೆಗೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಬಳಸಿದರೆ ವಾಂತಿ ತರಿಸಬಲ್ಲ ಮಾರ್ಫಿನ್‌ನಂಥ ನೋವಿನ ಔಷಧಿ ಕಡಿಮೆ ಸಾಕು. ಡ್ರಿಪ್‌ನಲ್ಲಿ ಸಾಕಷ್ಟು ದ್ರವ ಹೋಗುವುದೂ ಮುಖ್ಯ.

ನನಗೆ ತುಂಬಾ ಬೇಸರ ತರಿಸುವುದು ಇನ್ನೊಂದಿದೆ. ‘ಸ್ವಲ್ಪ ಕುಡಿಸಿ, ಆಮೇಲೆ ಮನೆಗೆ ಕಳಿಸುತ್ತೇವೆ’ ಎಂದು ಈಗಲೂ ಕೆಲವು ಕಡೆ ಹೇಳುತ್ತಾರೆ. ಬೇಡ ಬೇಡ ಎಂದು ಮುಖ ತಿರುಗಿಸುವ ಮಗುವಿಗೆ ಲೋಟ ಹಿಡಿದು ಕುಡಿಸುತ್ತಾರೆ, ಅದು ಅಷ್ಟನ್ನೂ ಕಕ್ಕುತ್ತದೆ. ಅದೇ ದಿನ ಮನೆಗೆ ಹೋಗುವ ಮಕ್ಕಳಲ್ಲಿ, ಒತ್ತಾಯದಿಂದ ಕುಡಿದವರಿಗೇ ವಾಂತಿ ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ. ಬಾಯಾರಿದಾಗ ಮಗುವೇ ಕೇಳುತ್ತದೆ, ಅಲ್ವಾ? ಆಪರೇಷನ್‌ಗೆ ಮೊದಲೂ ಸುಮ್ನೆ ರಾತ್ರಿಯಿಡೀ ನೀರು ನಿಲ್ಲಿಸಬೇಕಿಲ್ಲ. ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಬರೀ ನೀರು ಕೊಡಬಹುದು. 2018ರಲ್ಲಿ ಯುರೋಪಿನ ಮಕ್ಕಳ ಅರಿವಳಿಕೆ ತಜ್ಞರ ಸಂಘಗಳು ಅದನ್ನು 1 ಗಂಟೆಗೆ ಇಳಿಸಿವೆ. ನಿಮ್ಮ ಮಗುವಿಗೆ ಎಷ್ಟು ಹೊತ್ತು ಎಂದು ವೈದ್ಯರನ್ನೇ ಕೇಳಿ.

ಟಾನ್ಸಿಲ್ ತೆಗೆಸಿದ ಮಗು ಮನೆಯಲ್ಲಿ ಕೆಂಪು ರಕ್ತ ವಾಂತಿ ಮಾಡಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆಯವರಲ್ಲಿ ನನ್ನ ಕೋರಿಕೆ ಇಷ್ಟು: ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವಾಗಲೇ ಆ ನಾಲ್ಕು ಪ್ರಶ್ನೆ ಕೇಳಿ, ಉತ್ತರಗಳನ್ನು ಮಗುವಿನ ಫೈಲ್‌ನಲ್ಲಿ ಬರೆದಿಡಿ.

ಇಂತಿ,
ಮಕ್ಕಳ ವಾರ್ಡಿನ ಒಬ್ಬ ನರ್ಸ್