ಇಎಸ್‌ಪಿ ಇದ್ದರೂ ಸ್ಟಿಯರಿಂಗ್ ನಿನ್ನದೇ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಳೆ ಮಾತ್ರ ಬಿಡುವು ಕೊಟ್ಟಿಲ್ಲ. ನೀನು ಹೊಸ ಸ್ವಿಫ್ಟ್ ತಗೊಂಡ ಸುದ್ದಿ ಕೇಳಿ ಮನೆಯವರಿಗೆಲ್ಲ ಖುಷಿ. ಆದರೆ ಫೋನಿನಲ್ಲಿ ನೀನಂದ ಒಂದು ಮಾತು ನನ್ನ ತಲೆಯಲ್ಲೇ ಕೂತಿದೆ. "ಇದ್ರಲ್ಲಿ ಇಎಸ್‌ಪಿ ಇದೆ ಮಾವ, ಸ್ಕಿಡ್ಡೇ ಆಗಲ್ಲ ಅಂತ ಶೋರೂಮಿನವ್ರು ಹೇಳಿದ್ರು." ಮಾರುವವರು ಹಾಗೇ ಹೇಳಬೇಕು, ಅದು ಅವರ ಹೊಟ್ಟೆಪಾಡು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಇಳಿಯುವವಳು ನೀನು. ಅದಕ್ಕೇ ಈ ಕಾಗದ.

ಇಎಸ್‌ಪಿ ಅಂದರೆ ಕಾರು ಜಾರತೊಡಗಿದಾಗ ತಾನೇ ಬ್ರೇಕ್ ಹಾಕಿ ದಾರಿಗೆ ತರಲು ನೋಡುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಅದು ಒಳ್ಳೆಯದೇ. ಇಂಥದ್ದೆಲ್ಲ ಸುಮ್ನೆ ದಂಡ ಅನ್ನುವವರ ಗುಂಪಿನಲ್ಲಿ ನಾನಿಲ್ಲ. 1995ರಲ್ಲಿ ಬಂದಾಗ ಅದು ಮರ್ಸಿಡಿಸ್‌ನ ದುಬಾರಿ ಕಾರಿಗೆ ಮಾತ್ರ ಇತ್ತು. ಸಣ್ಣ ಕಾರಿಗೆ ಬಂದ ಕಥೆ ಮಜವಾಗಿದೆ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡುತ್ತಿದ್ದರು. ಅಲ್ಲಿ ಮೂಸ್ ಅಂತ, ನಮ್ಮ ಕಡವೆಗಿಂತ ಎತ್ತರದ ಪ್ರಾಣಿ ರಸ್ತೆಗೆ ನುಗ್ಗುತ್ತದೆ. ಅದನ್ನು ತಪ್ಪಿಸುವ ಹಾಗೆ ಸ್ಟಿಯರಿಂಗ್ ಥಟ್ಟನೆ ಒಂದು ಕಡೆಗೆ ಎಳೆದು, ಮತ್ತೆ ಈ ಕಡೆಗೆ ತಿರುಗಿಸಿದರು. ಕಾರು ಮಗುಚಿಬಿತ್ತು! ಆಮೇಲೆ ಕಂಪನಿ ಮಾರಿದ ಕಾರುಗಳನ್ನೂ ವಾಪಸ್ ಕರೆಸಿ ಇಎಸ್‌ಪಿ ಹಾಕಿಕೊಟ್ಟಿತು. ಸೋಮೇಶ್ವರದ ಕಾಡು ದಾರಿಯಲ್ಲಿ ನಮಗೂ ಅದೇ ಗೋಳು ಅಲ್ವಾ? ಕಡವೆ, ಕಾಟಿ, ಅದೂ ಅಲ್ಲದಿದ್ದರೆ ಯಾರದೋ ಮನೆಯ ದನ.

ಅದು ಏನು ಮಾಡುತ್ತದೆ ಕೇಳು. ಸ್ಟಿಯರಿಂಗ್ ಎಷ್ಟು ತಿರುಗಿದೆ ಅಂತ ಒಂದು ಸೆನ್ಸರ್ ನೋಡುತ್ತದೆ. ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಇನ್ನೊಂದು. ಎರಡೂ ತಾಳೆಯಾಗದಿದ್ದರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ, ಎಂಜಿನ್ ಜೋರೂ ತಗ್ಗುತ್ತದೆ. ಎಡ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಗೆ ಜಾರಿದರೆ ಮುಂದಿನ ಬಲಚಕ್ರ ಹಿಡಿಯುತ್ತದೆ. ಮೂತಿಯೇ ತಿರುಗದೆ ನೇರ ಹೋಗುತ್ತಿದ್ದರೆ ಹಿಂದಿನ ಎಡಚಕ್ರ. ನಮ್ಮ ಕಾಲಿಗೆ ಸಿಗುವುದು ಒಂದೇ ಪೆಡಲ್. ಎಂಥ ಪಳಗಿದ ಡ್ರೈವರಿಗೂ ಇದು ಆಗದ ಕೆಲಸ.

ಆದರೆ ನಿನಗೆ ಎಲ್ಲಿಗೆ ಹೋಗಬೇಕು ಅನ್ನುವುದು ಅದಕ್ಕೆ ಗೊತ್ತಾಗುವುದು ಸ್ಟಿಯರಿಂಗ್‌ನಿಂದ ಮಾತ್ರ. ಅದಕ್ಕೆ ರಸ್ತೆ ಕಾಣುವುದಿಲ್ಲ, ಕಂದಕ ಕಾಣುವುದಿಲ್ಲ. ಜಾಸ್ತಿ ಜನ ಗಾಬರಿಯಲ್ಲಿ ಬ್ರೇಕ್ ತುಳಿದು, ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ತಡೆಗೋಡೆಯನ್ನೇ ನೋಡುತ್ತಾ ಕೂತುಬಿಡುತ್ತಾರೆ. ಆಗ ಇಎಸ್‌ಪಿ ಪಾಪ ಏನು ಮಾಡೀತು? ನೆಟ್ಟಗೆ ಗೋಡೆಗೇ ಕರೆದುಕೊಂಡು ಹೋಗುತ್ತದೆ. ಕಾರು ಜಾರಿದಾಗ ನಿನ್ನ ಕಣ್ಣು ಹೋಗಬೇಕಾದ ಕಡೆ ಇರಲಿ, ಸ್ಟಿಯರಿಂಗೂ ಆ ಕಡೆಗೇ ಇರಲಿ. ಬ್ರೇಕ್ ಜೋರಾಗಿ ಒತ್ತಿದರೆ, ಚಕ್ರ ಪೂರ್ತಿ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಕಾಲಡಿಯಲ್ಲಿ ಗಡಗಡ ಅನ್ನುತ್ತದೆ. ಹೆದರಿ ಕಾಲು ತೆಗೆಯಬೇಡ.

ಇನ್ನು ಟೈರ್. ಇಎಸ್‌ಪಿ ಹೊಸ ಹಿಡಿತ ಹುಟ್ಟಿಸುವುದಿಲ್ಲ, ಇರುವುದನ್ನೇ ಹಂಚುತ್ತದೆ. ಬಡಿಸುವವಳು ಎಷ್ಟೇ ಜಾಣೆಯಾದರೂ ಪಾತ್ರೆಯಲ್ಲಿ ಅನ್ನ ಇರಬೇಕಲ್ಲ. ಕಾನೂನಿಗೆ ಟೈರಿನ ಗೀರು 1.6 ಮಿ.ಮೀ. ಆಳ ಇದ್ದರೆ ಸಾಕು. ನಮ್ಮ ಮಳೆಗೆ ಸಾಲದು, 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸು. ನೀರು ನಿಂತ ಕಡೆ ಟೈರ್ ನೀರಿನ ಮೇಲೇ ತೇಲಿದರೆ ಯಾವ ಚಕ್ರಕ್ಕೆ ಬ್ರೇಕ್ ಬಿದ್ದು ಏನು ಪ್ರಯೋಜನ? ವೇಗದ ಲೆಕ್ಕವೂ ಹೀಗೇ. 30ರಲ್ಲಿ ತಿರುಗುವ ತಿರುವಿಗೆ 60ರಲ್ಲಿ ನುಗ್ಗಿದರೆ ಎರಡಲ್ಲ, ನಾಲ್ಕು ಪಟ್ಟು ಹಿಡಿತ ಬೇಕು. ಅಷ್ಟು ಎಲ್ಲಿಂದ ತರುತ್ತೀ?

ಮೀಟರಿನಲ್ಲಿ ಕಾರಿನ ಚಿತ್ರ, ಅದರ ಕೆಳಗೆ ಎರಡು ಸೊಟ್ಟ ಗೆರೆ ಇರುವ ಹಳದಿ ದೀಪ ಇದೆ ನೋಡು. ಅದು ಮಿಣುಕಿದರೆ ಇಎಸ್‌ಪಿ ಕೆಲಸ ಮಾಡುತ್ತಿದೆ ಅಂತ. ಖುಷಿಪಡಬೇಡ, ಮಿತಿ ಮೀರಿದ್ದೀಯ, ವೇಗ ಇಳಿಸು. ದೀಪ ಉರಿಯುತ್ತಲೇ ಇದ್ದರೆ ವರ್ಕ್‌ಶಾಪಿಗೆ ತೋರಿಸು. ಆಫ್ ಗುಂಡಿ ಇರುವುದು ನಮ್ಮ ತೋಟದ ದಾರಿಯಂಥ ಕೆಸರಿಗೆ. ಚಕ್ರ ಹೂತು ಸುಮ್ನೆ ಸುತ್ತುವಾಗ ಇಎಸ್‌ಪಿ ಎಂಜಿನ್ ಜೋರು ತಗ್ಗಿಸಿಬಿಡುತ್ತದೆ, ಗಾಡಿ ಮೇಲೇಳುವುದೇ ಇಲ್ಲ. ಆಗ ಒತ್ತು. ಕೆಸರು ದಾಟಿದ ಕೂಡಲೇ ಮತ್ತೆ ಆನ್ ಮಾಡು.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವ ಚಾಳಿ ನಿನ್ನ ಅಪ್ಪನಿಗಿದೆ, ನೀನು ಕಲಿಯಬೇಡ. ಆ 14 ಹೇರ್‌ಪಿನ್ ತಿರುವುಗಳಿಗೆ ಸೆಕೆಂಡ್ ಗೇರ್ ಇರಲಿ, ತೀರ ಕಡಿದಾದಲ್ಲಿ ಫಸ್ಟ್. ಬ್ರೇಕನ್ನು ತಿರುವಿಗೆ ಮುಂಚೆಯೇ ಹಾಕಿ ಮುಗಿಸು.

ಶನಿವಾರ ಬರುತ್ತೀಯಂತೆ. ಮಣಿಪಾಲ ಬಿಡುವ ಮುಂಚೆ ಟೈರಿಗೆ ಗಾಳಿ ನೋಡಿಸು. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಸ್ಟಿಕ್ಕರಿನಲ್ಲಿದೆ. ಹೆಬ್ರಿ ದಾಟುವಾಗ ಮಂಜು ಜಾಸ್ತಿ ಇದ್ದರೆ ಅಲ್ಲೇ ಒಂದು ಕಾಫಿ ಕುಡಿದು ಕಾಯಿ. ನಿನ್ನ ಅತ್ತೆ ಊಟಕ್ಕೆ ತಡವಾಯಿತು ಅಂತ ಏನೂ ಅನ್ನುವುದಿಲ್ಲ.

ಇಂತಿ,
ನಿನ್ನ ಮಾವ