ಪಾಪುವಿನ ಸ್ವೆಟರ್ ಬಿಚ್ಚಿ ಒಂದು ನಿಮಿಷ ನೋಡು

ಪುಟ್ಟಿ,

ನಿನ್ನೆ ರಾತ್ರಿ ಕಳಿಸಿದ ವಿಡಿಯೊ ನಾಲ್ಕು ಸಲ ನೋಡಿದೆ. ಪಾಪುವಿನ ಕೆಮ್ಮು ಕೇಳಿಸುತ್ತದೆ, ಎದೆ ಮಾತ್ರ ಕಾಣಿಸುವುದಿಲ್ಲ. ಎರಡೆರಡು ಸ್ವೆಟರ್ ಹಾಕಿ ಮುಚ್ಚಿಬಿಟ್ಟಿದ್ದೀಯ.

ನಿನಗೆ 11 ತಿಂಗಳಿದ್ದಾಗ ನಾನೂ ಹೀಗೇ ಮುಚ್ಚಿಟ್ಟಿದ್ದೆ. ಥಂಡಿ ಆಗಿದೆ, ಕಫ ಕಟ್ಟಿದೆ ಅಂತ ದೊಡ್ಡಪತ್ರೆ ರಸ ಕುಡಿಸುತ್ತಾ ಮೂರು ದಿನ ಕಳೆದೆ. ಡಾಕ್ಟರು ಸ್ಟೆತಾಸ್ಕೋಪ್ ಮುಟ್ಟಲೇ ಇಲ್ಲ. ನಿನ್ನ ಫ್ರಾಕ್ ಎತ್ತಿ, ಕೈಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾ ಸುಮ್ನೆ ಕೂತರು. '62' ಅಂದರು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅದು ಎಷ್ಟು ಹೊತ್ತಿನಿಂದ ಬೀಳುತ್ತಿತ್ತೋ, ನಾನು ಸ್ವೆಟರ್ ಬಿಚ್ಚಿದ್ದರೆ ತಾನೇ ಗೊತ್ತಾಗೋದು?

ಲೆಕ್ಕ ಇಷ್ಟೇ. 2 ತಿಂಗಳು ತುಂಬದ ಮಗುವಿಗೆ ನಿಮಿಷಕ್ಕೆ 60 ಉಸಿರು, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು ಅಂತ ತೋರಿಸಲೇಬೇಕು. ಶ್ವಾಸಕೋಶದ ಒಳಗೆ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಸೋಂಕು ತಗುಲಿದರೆ ಅಲ್ಲಿ ನೀರು, ಕೀವು ತುಂಬುತ್ತದೆ. ಉಳಿದ ಜಾಗದಲ್ಲೇ ಆಕ್ಸಿಜನ್ ಹೊಂದಿಸಬೇಕಲ್ವಾ, ಅದಕ್ಕೇ ಮಗು ಬೇಗ ಬೇಗ ಉಸಿರಾಡುತ್ತದೆ.

'ಥಂಡಿ ಗಾಳಿಯಿಂದ ಬಂತು' ಅನ್ನುತ್ತಾರಂತೆ ನಿಮ್ಮ ಅತ್ತೆ. ಜಗಳ ಬೇಡ, ಆದರೆ ತರುವುದು ರೋಗಾಣು. ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಆದರೆ ಜ್ವರ ಸಾಮಾನ್ಯವಾಗಿ ದಿಢೀರನೆ ಏರುತ್ತದೆ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಶ್ವಾಸಕೋಶದ ಒಂದು ಭಾಗವೇ ಬೆಳ್ಳಗೆ ಕಾಣುತ್ತದೆ. ಆರ್‌ಎಸ್‌ವಿ, ಫ್ಲೂ ಥರದ ವೈರಸ್ ಮೂಗು ಸೋರುವುದರಿಂದ ಶುರುವಾಗಿ ಮೆಲ್ಲಗೆ ಕೆಳಗಿಳಿಯುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಯಾವುದು ಅಂತ ಡಾಕ್ಟರು ಹೇಳಲಿ, ಹೋದ ಸಲ ಫ್ರಿಜ್‌ನಲ್ಲಿ ಉಳಿದ ಬಾಟಲಿ ಮೊದಲು ಎಸೆ. ಶಾಲೆ ಮಕ್ಕಳಿಗೆ ಮೈಕೋಪ್ಲಾಸ್ಮಾ ಅಂತ ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಕೆಮ್ಮುತ್ತಾ ಆಟ ಆಡಿಕೊಂಡೇ ಇರುತ್ತವೆ.

ನಿಮ್ಮ ತಾತನಿಗೆ ಬಂದ ನ್ಯುಮೋನಿಯಾದ್ದು ಬೇರೆಯೇ ಕಥೆ. ಜ್ವರವೇ ಇರಲಿಲ್ಲ. ನನ್ನನ್ನು ಅವರ ತಂಗಿ ಹೆಸರಿನಿಂದ ಕರೆಯತೊಡಗಿದರು, ಅಷ್ಟೇ. ಅನ್ನದ ಅಗುಳು ದಾರಿ ತಪ್ಪಿ ಬಲಗಡೆ ಶ್ವಾಸಕೋಶದ ಕೆಳಭಾಗಕ್ಕೆ ಇಳಿದಿತ್ತು. ಬಲಗಡೆಯ ಕೊಳವೆ ಅಗಲ, ನೇರ, ಹಾಗಾಗಿ ತಪ್ಪಿದ್ದೆಲ್ಲ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ.

ಅದಕ್ಕೇ ಎಣ್ಣೆ ವಿಷಯ ಹೇಳುತ್ತಿದ್ದೇನೆ. ಎರೆಯುವ ಅಜ್ಜಿ ಪಾಪುವಿನ ಮೂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಲು ಬಂದರೆ ಕೈ ಹಿಡಿ. ನೀರು ಹೋದರೆ ಕೆಮ್ಮಿ ಹೊರಗೆ ಹಾಕುತ್ತಾನೆ. ಎಣ್ಣೆ ಸದ್ದಿಲ್ಲದೆ ಜಾರಿ ಶ್ವಾಸಕೋಶದಲ್ಲೇ ಕೂರುತ್ತದೆ, ಅದರಿಂದಲೂ ನ್ಯುಮೋನಿಯಾ ಆಗುತ್ತದೆ. ಸಾಂಬ್ರಾಣಿ ಹೊಗೆಯೂ ಬೇಡ. ನಿನಗೆ ಎರಡೂ ಮಾಡಿದ್ದೆ ನಾನು, ಕೇಳಬೇಡ.

ನ್ಯುಮೊಕಾಕಸ್ ತಡೆಯುವ ಪಿಸಿವಿ ಲಸಿಕೆ ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ ಆಗಿದೆ. ಮೂರನೆಯದು 9 ತಿಂಗಳಿಗೆ, ಅಂದರೆ ಬರುವ ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಪಕ್ಕೆ ಒಳಗೆ ಎಳೆದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ಆಟೋ ಹತ್ತು.

ಈಗ ಅವನು ಮಲಗಿದ್ದರೆ ಅಂಗಿ ಎತ್ತಿ ಇನ್ನೊಂದು ವಿಡಿಯೊ ಮಾಡು. ಅಳುವಾಗ ಬೇಡ, ಲೆಕ್ಕ ತಪ್ಪುತ್ತದೆ. ನಿನ್ನೆಯದು 20 ಸೆಕೆಂಡಿಗೇ ಮುಗಿದುಹೋಯಿತು, ಈ ಸಲ ಪೂರ್ತಿ ಒಂದು ನಿಮಿಷ. ನೀನೂ ಎಣಿಸು, ನಾನೂ ಎಣಿಸುತ್ತೇನೆ.

ಅಮ್ಮ